ಟ್ರಾನ್ಸ್‌ಪ್ಲಾಂಟ್ ಆಗಿ ನಾಲ್ಕು ತಿಂಗಳು: ಮೈಲೋಮಾ ಬೇಗ ಮರಳುತ್ತದೆಯೇ ಎಂದು ಮೊದಲೇ ಹೇಳಬಹುದೇ?

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ಅಪ್ಪಯ್ಯನಿಗೆ 58 ವರ್ಷ. ಹೋದ ವರ್ಷ ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಸೊಂಟ ನೋವು ಶುರುವಾಯಿತು. ಕೆಲಸದ ನೋವು ಎಂದು ಮೂರು ತಿಂಗಳು ಎಣ್ಣೆ ತಿಕ್ಕಿದೆವು. ಆಮೇಲೆ ನೋಡಿದರೆ ಬೆನ್ನುಮೂಳೆಯ ಒಂದು ಮಣಿ ಕುಸಿದಿತ್ತು, ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಮಲ್ಟಿಪಲ್ ಮೈಲೋಮಾ, ಐಜಿಜಿ ಕಪ್ಪಾ ಎಂದರು. ಎಂ ಸ್ಪೈಕ್ 4.6 ಗ್ರಾಂ, ಕಾಯಿಲೆಯ ಹಂತ ಹೇಳುವ ಐಎಸ್‌ಎಸ್ ಲೆಕ್ಕದಲ್ಲಿ ಎರಡನೇ ಹಂತ, ರಕ್ತದಲ್ಲಿ ಎಲ್‌ಡಿಎಚ್ ಎಂಬ ಅಂಶ ಸರಿ ಇತ್ತು. ಮಜ್ಜೆಯ ಕಣಗಳ ಕ್ರೋಮೋಸೋಮ್ ನೋಡುವ ಫಿಶ್ ಪರೀಕ್ಷೆಯಲ್ಲಿ ಟಿ(4;14) ಇದೆ ಎಂದು ಬರೆದಿದ್ದಾರೆ. ಬೋರ್ಟೆಜೊಮಿಬ್, ಲೆನಾಲಿಡೊಮೈಡ್, ಡೆಕ್ಸಾಮೆಥಾಸೋನ್ ನಾಲ್ಕು ಸುತ್ತು ಕೊಟ್ಟರು. ನಾಲ್ಕು ತಿಂಗಳ ಹಿಂದೆ ಅವರದೇ ಸ್ಟೆಮ್ ಸೆಲ್ ಹಾಕಿ ಟ್ರಾನ್ಸ್‌ಪ್ಲಾಂಟ್ ಆಯಿತು. ನೂರನೇ ದಿನದ ವರದಿಯಲ್ಲಿ ಎಂ ಸ್ಪೈಕ್ 0.2, ವಿಜಿಪಿಆರ್ ಎಂದಿದೆ. ಆದರೆ ಕೆಳಗೆ 'ಐಜಿಜಿ ಲ್ಯಾಂಬ್ಡಾ, ಹೊಸ ಮಸುಕು ಗೆರೆ' ಎಂದೂ ಇದೆ. ಇದನ್ನು ಓದಿದ ದಿನದಿಂದ ಆಯಿಗೆ ನಿದ್ದೆ ಇಲ್ಲ. ಬೇಗ ಮರಳುವವರನ್ನು ಮೊದಲೇ ಗುರುತಿಸುವ ಸ್ಕೋರ್ ಇದೆಯಂತೆ, ಹೌದೇ? ಅದಕ್ಕಾಗಿ ಮುಂಬೈಗೆ ಹೋಗಬೇಕೇ? ಅಪ್ಪಯ್ಯ ಮಾತ್ರ ಒಂದೇ ಪ್ರಶ್ನೆ ಕೇಳುತ್ತಾರೆ: 'ಈ ಮಳೆಗಾಲ ಹೊಸ ಅಡಿಕೆ ಸಸಿ ನೆಡಲೋ ಬೇಡವೋ, ಡಾಕ್ಟ್ರ ಹತ್ರ ಕೇಳು.'

ಉತ್ತರ: ಮೊದಲು ಆ ಹೊಸ ಗೆರೆಯ ವಿಷಯ ಮುಗಿಸೋಣ. ಆಯಿ ಇವತ್ತು ರಾತ್ರಿಯಾದರೂ ನಿದ್ದೆ ಮಾಡಲಿ.

ನಿಮ್ಮ ಅಪ್ಪಯ್ಯನ ಕಾಯಿಲೆ ಐಜಿಜಿ ಕಪ್ಪಾ. ಹೊಸ ಗೆರೆ ಐಜಿಜಿ ಲ್ಯಾಂಬ್ಡಾ. ಎರಡೂ ಬೇರೆ ಬೇರೆ ಬಗೆಯ ಪ್ರೋಟೀನ್. ಮೈಲೋಮಾ ಎಂದರೆ ಮಜ್ಜೆಯಲ್ಲಿ ಒಂದೇ ಒಂದು ಪ್ಲಾಸ್ಮಾ ಕಣದ ಸಂತಾನ ಹದ್ದು ಮೀರಿ ಬೆಳೆಯುವ ಕ್ಯಾನ್ಸರ್. ಆ ಸಂತಾನವೆಲ್ಲ ಒಂದೇ ಅಚ್ಚಿನ ಪ್ರೋಟೀನ್ ಮಾಡುತ್ತದೆ. ಹಾಗಾಗಿ ರಕ್ತದ ಪ್ರೋಟೀನ್‌ಗಳನ್ನು ಬೇರ್ಪಡಿಸಿ ತೋರಿಸುವ ಎಲೆಕ್ಟ್ರೊಫೊರೆಸಿಸ್ ಪಟ್ಟಿಯಲ್ಲಿ ಅದು ಒಂದೇ ಜಾಗದಲ್ಲಿ ದಪ್ಪ ಗೆರೆಯಾಗಿ ಕಾಣುತ್ತದೆ. ಅದೇ ಎಂ ಸ್ಪೈಕ್. ಟ್ರಾನ್ಸ್‌ಪ್ಲಾಂಟ್‌ನಲ್ಲಿ ಮೆಲ್ಫಲಾನ್ ಎಂಬ ಔಷಧಿ ಕೊಟ್ಟಾಗ ಕೆಟ್ಟ ಕಣಗಳ ಜೊತೆ ಒಳ್ಳೆಯ ರೋಗನಿರೋಧಕ ಕಣಗಳೂ ಹೋಗುತ್ತವೆ. ಆಮೇಲೆ ಹೊಸದಾಗಿ ಹುಟ್ಟುವ ಒಳ್ಳೆಯ ಕಣಗಳು ಒಮ್ಮೆಲೇ ನೂರಾರು ಬಗೆಯಲ್ಲಿ ಬರುವುದಿಲ್ಲ. ಮೊದಲು ಕೆಲವೇ ಗುಂಪುಗಳು ತಲೆ ಎತ್ತುತ್ತವೆ. ಅವು ಮಾಡುವ ಪ್ರೋಟೀನ್ ಕೆಲವು ತಿಂಗಳು ಹೀಗೆ ಮಸುಕು ಗೆರೆಯಾಗಿ ಕಾಣಿಸಿಕೊಂಡು ತಾನಾಗಿಯೇ ಕರಗಿಹೋಗುತ್ತದೆ. ಟ್ರಾನ್ಸ್‌ಪ್ಲಾಂಟ್ ಆದ ಸಾಕಷ್ಟು ಜನರಲ್ಲಿ ಇದು ಬರುತ್ತದೆ. ಇಂಥ ಗೆರೆ ಬಂದವರು ಉಳಿದವರಿಗಿಂತ ಚೆನ್ನಾಗಿಯೇ ಇರುತ್ತಾರೆ ಎಂದು ಹಲವು ಅಧ್ಯಯನಗಳು ಕಂಡಿವೆ.

ಅಂದರೆ ನೀವು ಹೆದರಿದ ಗೆರೆಯೇ ಬಹುಮಟ್ಟಿಗೆ ಒಳ್ಳೆಯ ಸುದ್ದಿ. ನಿಮ್ಮ ಡಾಕ್ಟರು ಹಳೆಯ ಪಟ್ಟಿಯನ್ನೂ ಹೊಸ ಪಟ್ಟಿಯನ್ನೂ ಪಕ್ಕ ಪಕ್ಕ ಇಟ್ಟು ನೋಡಲಿ. ಕಪ್ಪಾ ಗೆರೆ ಹಳೆಯ ಜಾಗದಲ್ಲೇ 0.2ರಲ್ಲಿದ್ದು, ಲ್ಯಾಂಬ್ಡಾ ಬೇರೆ ಜಾಗದಲ್ಲಿದ್ದರೆ ಮಾತು ಮುಗಿಯಿತು. ವರದಿಯಲ್ಲಿ 'ಹೊಸ' ಎಂಬ ಪದ ಹಾಕುವವರು ಪಕ್ಕದಲ್ಲಿ ಒಂದು ಸಾಲಿನ ವಿವರಣೆಯನ್ನೂ ಹಾಕಿದ್ದರೆ ಎಷ್ಟು ಮನೆಗಳ ನಿದ್ದೆ ಉಳಿಯುತ್ತಿತ್ತೋ!

ಈಗ ದೊಡ್ಡ ಪ್ರಶ್ನೆಗೆ ಬರೋಣ.

ಮೈಲೋಮಾ ಬಹುತೇಕ ಜನರಲ್ಲಿ ಎಂದೋ ಒಂದು ದಿನ ಮರಳುವ ಕಾಯಿಲೆ. ಇದನ್ನು ನಿಮ್ಮ ಡಾಕ್ಟರು ಹೇಳಿರುತ್ತಾರೆ, ಇಲ್ಲದಿದ್ದರೆ ನಾನು ಹೇಳುತ್ತಿದ್ದೇನೆ. ಯಾವಾಗ ಎಂಬುದರಲ್ಲೇ ಎಲ್ಲ ವ್ಯತ್ಯಾಸ ಇರುವುದು. ಟ್ರಾನ್ಸ್‌ಪ್ಲಾಂಟ್ ಆದ ಹನ್ನೆರಡು ತಿಂಗಳೊಳಗೆ ಮರಳಿದರೆ ನಾವು ಅದನ್ನು 'ಬೇಗ' ಎನ್ನುತ್ತೇವೆ. ಕೆಲವರು 18 ತಿಂಗಳು, ಕೆಲವರು 24 ತಿಂಗಳ ಗೆರೆ ಎಳೆಯುತ್ತಾರೆ. ಗೆರೆ ಎಲ್ಲೇ ಇರಲಿ, ಬೇಗ ಮರಳಿದವರ ಕಾಯಿಲೆ ಆಮೇಲೂ ಹಟಮಾರಿಯಾಗಿರುತ್ತದೆ, ಔಷಧಿಗೆ ಸುಲಭಕ್ಕೆ ಬಗ್ಗುವುದಿಲ್ಲ. 2001ರಿಂದ 2013ರವರೆಗೆ ಟ್ರಾನ್ಸ್‌ಪ್ಲಾಂಟ್ ಆದವರ ಒಂದು ದೊಡ್ಡ ಅಮೆರಿಕನ್ ದಾಖಲೆಯಲ್ಲಿ ಎರಡು ವರ್ಷದೊಳಗೆ ಮರಳಿದವರು ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು. ಈಗಿನ ಚಿಕಿತ್ಸೆಯಲ್ಲಿ ಲೆಕ್ಕ ಸುಧಾರಿಸಿದೆ. 2024ರಲ್ಲಿ ಪ್ರಕಟವಾದ 'ಪರ್ಸಿಯಸ್' ಎಂಬ ದೊಡ್ಡ ಪ್ರಯೋಗದಲ್ಲಿ ಒಂದು ಗುಂಪಿಗೆ ನಿಮ್ಮ ಅಪ್ಪಯ್ಯನಿಗೆ ಕೊಟ್ಟ ಅದೇ ಮೂರು ಔಷಧಿ, ಆಮೇಲೆ ಟ್ರಾನ್ಸ್‌ಪ್ಲಾಂಟ್, ಆಮೇಲೆ ಲೆನಾಲಿಡೊಮೈಡ್ ಮಾತ್ರೆ ಕೊಟ್ಟಿದ್ದರು. ನಾಲ್ಕು ವರ್ಷ ಕಳೆದಾಗ ಆ ಗುಂಪಿನ 67.7% ಜನರಲ್ಲಿ ಕಾಯಿಲೆ ಮುಂದುವರಿದಿರಲಿಲ್ಲ. ಮೊದಲಿನಿಂದಲೂ ಡಾರಾಟುಮುಮಾಬ್ ಎಂಬ ನಾಲ್ಕನೇ ಔಷಧಿ ಸೇರಿಸಿದವರಲ್ಲಿ ಅದು 84.3%. ಪ್ರಯೋಗಕ್ಕೆ ಸೇರಿಸಿಕೊಳ್ಳುವವರು ಸಾಮಾನ್ಯವಾಗಿ ಗಟ್ಟಿಮುಟ್ಟಾದವರು ಎಂಬುದನ್ನು ನೆನಪಿಟ್ಟುಕೊಂಡು ಈ ಅಂಕೆಗಳನ್ನು ಓದಿ.

ಇನ್ನು ನಿಮ್ಮ ವರದಿಯ ಟಿ(4;14). ಅಂದರೆ ಕ್ಯಾನ್ಸರ್ ಕಣದೊಳಗೆ 4ನೇ ಕ್ರೋಮೋಸೋಮಿನ ಒಂದು ತುಂಡು 14ನೇದಕ್ಕೆ, 14ನೇದರ ತುಂಡು 4ನೇದಕ್ಕೆ ಅಂಟಿಕೊಂಡಿದೆ. ಇದು ಕ್ಯಾನ್ಸರ್ ಕಣದಲ್ಲಿ ಮಾತ್ರ ಆದ ಬದಲಾವಣೆ. ಅಪ್ಪಯ್ಯನಿಂದ ನಿಮಗೆ ಬರುವುದಿಲ್ಲ. ಇದನ್ನು ಯಾರೂ ಕೇಳುವುದಿಲ್ಲ, ಮನಸ್ಸಲ್ಲೇ ಇಟ್ಟುಕೊಂಡು ಕೊರಗುತ್ತಾರೆ. ಅದಕ್ಕೇ ಹೇಳಿಬಿಟ್ಟೆ.

2015ರಲ್ಲಿ ಬಂದ ಆರ್-ಐಎಸ್‌ಎಸ್ ಎಂಬ ಹಂತದ ಲೆಕ್ಕದಲ್ಲಿ ಟಿ(4;14) ಒಂದೇ ಇದ್ದರೂ 'ಹೆಚ್ಚು ಅಪಾಯದ ಜೀನ್' ಎಂದು ಬರೆಯುತ್ತಿದ್ದರು. ಆ ಲೆಕ್ಕದಲ್ಲಿ ನಿಮ್ಮ ಅಪ್ಪಯ್ಯ ಎರಡನೇ ಹಂತ. ಆದರೆ ಆ ಎರಡನೇ ಹಂತ ಒಂದು ದೊಡ್ಡ ಗೋಣಿಚೀಲ ಇದ್ದಂತೆ. ಲೆಕ್ಕ ಮಾಡಿದ ಮೂರು ಸಾವಿರ ಚಿಲ್ಲರೆ ಜನರಲ್ಲಿ 62% ಜನ ಅದರೊಳಗೇ ಬಿದ್ದರು. ಚಾಲಿಯೂ ಅಲ್ಲೇ, ಕೆಂಪಡಿಕೆಯೂ ಅಲ್ಲೇ, ಸಿಪ್ಪೆಗೋಟೂ ಅಲ್ಲೇ. ಇಂಥ ಚೀಲದ ಸರಾಸರಿ ದರ ಕೇಳಿ ನಿಮ್ಮ ಮಾಲಿನ ಬೆಲೆ ಗೊತ್ತಾಗುತ್ತದೆಯೇ?

2025ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪು ಈ ವ್ಯಾಖ್ಯಾನವನ್ನು ತಿದ್ದಿತು. ಈಗ ಟಿ(4;14) ಒಂಟಿಯಾಗಿದ್ದರೆ ಹೆಚ್ಚು ಅಪಾಯದ ಪಟ್ಟಿಗೆ ಸೇರುವುದಿಲ್ಲ. ಅದರ ಜೊತೆ 1ನೇ ಕ್ರೋಮೋಸೋಮಿನ ಉದ್ದ ತೋಳು ಹೆಚ್ಚುವರಿಯಾಗಿದ್ದರೆ, ಅಂದರೆ '1ಕ್ಯೂ ಗೇನ್' ಇದ್ದರೆ, ಅಥವಾ 1ಪಿ32 ಎಂಬ ಭಾಗ ಕಳೆದುಹೋಗಿದ್ದರೆ ಆಗ ಸೇರುತ್ತದೆ. 17ಪಿ, ಅಂದರೆ 17ನೇ ಕ್ರೋಮೋಸೋಮಿನ ಗಿಡ್ಡ ತೋಳು, ಕಳೆದುಹೋಗಿರುವುದು, ಅದೂ ಶೇ. 20ಕ್ಕಿಂತ ಜಾಸ್ತಿ ಕ್ಯಾನ್ಸರ್ ಕಣಗಳಲ್ಲಿ ಇದ್ದರೆ, ಒಂಟಿಯಾಗಿಯೇ ಅಪಾಯ. ಕಿಡ್ನಿ ಸರಿ ಇದ್ದೂ ಬೀಟಾ-2 ಮೈಕ್ರೋಗ್ಲೋಬುಲಿನ್ ಎಂಬ ರಕ್ತದ ಪ್ರೋಟೀನ್ 5.5 ಮುಟ್ಟಿದ್ದರೂ ಅಪಾಯವೇ. ನಿಮ್ಮ ಅಪ್ಪಯ್ಯನ ಮೈಯೊಳಗೆ ಏನೂ ಬದಲಾಗಿಲ್ಲ, ಅಳೆಯುವ ಕೋಲು ಬದಲಾಗಿದೆ.

ಹಾಗಾಗಿ ಮುಂದಿನ ಭೇಟಿಯಲ್ಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: 'ಮೊದಲ ಫಿಶ್ ಪರೀಕ್ಷೆಯಲ್ಲಿ 1ಕ್ಯೂ, 1ಪಿ, 17ಪಿ ನೋಡಿದ್ದೀರಾ? ಎಷ್ಟು ಶೇಕಡಾ ಕಣಗಳಲ್ಲಿ?' ನಿಮ್ಮ ಪತ್ರದಲ್ಲಿ ಟಿ(4;14) ಮಾತ್ರ ಇದೆ. ಉಳಿದವು ಇಲ್ಲ ಎಂದು ಬಂದಿದೆಯೋ, ನೋಡಲೇ ಇಲ್ಲವೋ ಗೊತ್ತಾಗುವುದಿಲ್ಲ. ಈ ಎರಡರ ನಡುವೆ ಬಹಳ ವ್ಯತ್ಯಾಸ ಇದೆ. ಅಂದಿನ ಮಜ್ಜೆಯ ಮಾದರಿ ಲ್ಯಾಬಿನಲ್ಲಿ ಉಳಿದಿದ್ದರೆ ಈಗಲೂ ನೋಡಬಹುದು. ಈಗ ಹೊಸದಾಗಿ ಮಜ್ಜೆ ತೆಗೆದು ಫಿಶ್ ಮಾಡಿಸಿದರೆ ಉಪಯೋಗ ಇಲ್ಲ. ಔಷಧಿ ಕೆಲಸ ಮಾಡಿದೆ, ಕೆಟ್ಟ ಕಣಗಳು ಬೆರಳೆಣಿಕೆಯಷ್ಟಾಗಿವೆ, ಹುಡುಕಿದರೂ ಸಿಗುವುದಿಲ್ಲ. 'ನಾರ್ಮಲ್' ಎಂದು ವರದಿ ಬರುತ್ತದೆ. ಮನೆಯವರು ಜೀನ್ ಸರಿಹೋಯಿತು ಎಂದು ದೇವರಿಗೆ ಕಾಯಿ ಒಡೆಸುತ್ತಾರೆ. ಜೀನ್ ಸರಿಹೋಗಿರುವುದಿಲ್ಲ, ಕಳ್ಳ ಅಡಗಿರುತ್ತಾನೆ ಅಷ್ಟೇ.

ಸ್ಕೋರ್ ಇದೆಯಂತೆ ಎಂದು ಕೇಳಿದ್ದೀರಿ. ಇದೆ, ಒಂದಲ್ಲ, ಹಲವು. 2021ರಲ್ಲಿ ಯುರೋಪಿನ ತಂಡವೊಂದು 'ಎಸ್-ಇಆರ್‌ಎಂಎಂ' ಎಂಬ ಸರಳ ಲೆಕ್ಕ ಕೊಟ್ಟಿತು. 18 ತಿಂಗಳೊಳಗೆ ಮರಳುವವರು ಯಾರು ಎಂದು ಊಹಿಸುವುದು ಅದರ ಉದ್ದೇಶ. ಅದರಲ್ಲಿ ಎಲ್‌ಡಿಎಚ್ ಜಾಸ್ತಿ ಇದ್ದರೆ ಅಥವಾ ಟಿ(4;14) ಇದ್ದರೆ ಹೆಚ್ಚು ಅಂಕ. 17ಪಿ ಕಳೆದಿದ್ದರೆ, ಆಲ್ಬುಮಿನ್ ಕಡಿಮೆ ಇದ್ದರೆ, ಮಜ್ಜೆಯಲ್ಲಿ 60%ಕ್ಕಿಂತ ಜಾಸ್ತಿ ಪ್ಲಾಸ್ಮಾ ಕಣ ಇದ್ದರೆ ಅದಕ್ಕಿಂತ ಸ್ವಲ್ಪ ಕಡಿಮೆ ಅಂಕ. ಲ್ಯಾಂಬ್ಡಾ ಬಗೆಯ ಕಾಯಿಲೆಗೆ ಅದಕ್ಕಿಂತಲೂ ಕಡಿಮೆ. ಎಲ್ಲ ಕೂಡಿ ಮೂರು ಗುಂಪು. ಎಲ್ಲವೂ ಹಳೆಯ ವರದಿಗಳಲ್ಲಿ ಇರುವ ಅಂಕೆಗಳೇ, ಬೇರೆ ಖರ್ಚಿಲ್ಲ. ರಕ್ತದಲ್ಲಿ ಓಡಾಡುವ ಪ್ಲಾಸ್ಮಾ ಕಣಗಳನ್ನು ಎಣಿಸುವುದೂ ಒಳ್ಳೆಯ ಸೂಚನೆ ಕೊಡುತ್ತದೆ. ಕಂಪ್ಯೂಟರಿಗೆ ಸಾವಿರಾರು ರೋಗಿಗಳ ಜೀನ್ ಕಲಿಸಿ ಒಬ್ಬೊಬ್ಬರ ಅಪಾಯ ಲೆಕ್ಕ ಹಾಕುವ ಪ್ರಯತ್ನಗಳೂ ನಡೆದಿವೆ.

ಇವು ಸುಳ್ಳಲ್ಲ. ಆದರೆ ಗುಂಪಿನ ಬಗ್ಗೆ ನಿಜ, ಒಬ್ಬ ಮನುಷ್ಯನ ಬಗ್ಗೆ ಅರ್ಧ ನಿಜ. ಲೆಕ್ಕಕ್ಕಾಗಿ ಒಂದು ಕಾಲ್ಪನಿಕ ಉದಾಹರಣೆ ಹೇಳುತ್ತೇನೆ, ಅಂಕೆಗಳು ನನ್ನವೇ. ನೂರು ಜನ ಇದ್ದಾರೆ, ಅವರಲ್ಲಿ 20 ಜನರಿಗೆ ಬೇಗ ಮರಳಲಿದೆ ಎಂದುಕೊಳ್ಳಿ. ಒಂದು ಪರೀಕ್ಷೆ ಆ 20ರಲ್ಲಿ 16 ಜನರನ್ನು ಸರಿಯಾಗಿ ಹಿಡಿಯುತ್ತದೆ. ಉಳಿದ 80ರಲ್ಲಿ 16 ಜನರಿಗೆ ಸುಮ್ನೆ ಗಂಟೆ ಬಾರಿಸುತ್ತದೆ. ಕೇಳಲು ಒಳ್ಳೆಯ ಪರೀಕ್ಷೆಯೇ. ಆದರೆ 'ನಿಮಗೆ ಅಪಾಯ' ಎಂದು ಹೇಳಿಸಿಕೊಂಡ 32 ಜನರಲ್ಲಿ ಅರ್ಧದಷ್ಟು ಜನರಿಗೆ ಅದು ಬರುವುದೇ ಇಲ್ಲ. 'ಪರವಾಗಿಲ್ಲ' ಎನ್ನಿಸಿಕೊಂಡವರಲ್ಲಿ ನಾಲ್ಕು ಜನರಿಗೆ ಬರುತ್ತದೆ. ಈ 32ರಲ್ಲಿ ನಿಮ್ಮ ಅಪ್ಪಯ್ಯ ಯಾವ ಅರ್ಧದಲ್ಲಿದ್ದಾರೆ ಎಂದು ಆ ಪರೀಕ್ಷೆಗೇ ಗೊತ್ತಿರುವುದಿಲ್ಲ.

ನನಗೇ ಆಗಿದೆ. ಜೀನ್, ಎಲ್‌ಡಿಎಚ್, ಹಂತ ಎಲ್ಲ ಚೆನ್ನಾಗಿದ್ದ ಕಾರವಾರದ ಮೀನುಗಾರರೊಬ್ಬರಿಗೆ 'ನಿಮ್ದು ಒಳ್ಳೇ ಗುಂಪು, ಧೈರ್ಯವಾಗಿರಿ' ಎಂದು ಕಳಿಸಿದ್ದೆ. ಒಂಬತ್ತು ತಿಂಗಳಿಗೆ ಪಕ್ಕೆಲುಬಿನ ಮೇಲೆ ಗಂಟು ಎದ್ದು ವಾಪಸ್ ಬಂದರು. ಅದೇ ವರ್ಷ 17ಪಿ ಕಳೆದುಹೋಗಿದ್ದ ಒಬ್ಬ ನಿವೃತ್ತ ಮೇಷ್ಟ್ರು ಟ್ರಾನ್ಸ್‌ಪ್ಲಾಂಟ್ ಮಾಡಿಸಿಕೊಂಡಿದ್ದರು. ಅವರ ಬಗ್ಗೆ ನಾನು ಒಳಗೊಳಗೇ ಹೆದರಿದ್ದೆ. ಐದು ವರ್ಷ ಆಯಿತು, ಇನ್ನೂ ಯಕ್ಷಗಾನಕ್ಕೆ ರಾತ್ರಿ ಕೂರುತ್ತಾರೆ. ಅಂದಿನಿಂದ 'ಒಳ್ಳೇ ಗುಂಪು' ಎಂಬ ಮಾತು ಬಿಟ್ಟಿದ್ದೇನೆ.

ನಿಮಗೆ ಇದು ಹೊಸದೇನಲ್ಲ. ಮಳೆ ಬಿಡದೆ ಸುರಿದರೆ ಅಡಿಕೆಗೆ ಕೊಳೆ ರೋಗ ಬರುತ್ತದೆ ಎಂದು ಶಿರಸಿಯ ಮಕ್ಕಳಿಗೂ ಗೊತ್ತು. ಯಾವ ತೋಟಕ್ಕೆ ಜಾಸ್ತಿ, ತಗ್ಗಿನದಕ್ಕೋ ಗಾಳಿ ಆಡದ್ದಕ್ಕೋ, ಅದೂ ಗೊತ್ತು. ಯಾವ ಮರದ ಯಾವ ಕೊನೆ, ಯಾವ ದಿನ, ಅದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಸುಮ್ಮನೆ ಕೂರುತ್ತೀರಾ? ಮಳೆಗಾಲ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಹೊಡೆಸುತ್ತೀರಿ. ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಹೊಡೆಸುತ್ತೀರಿ, ಕೆಲವರು ಕೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಾರೆ. ಆಮೇಲೆ ದಿನಾ ತೋಟಕ್ಕೆ ಹೋಗಿ ಉದುರು ನೋಡುತ್ತೀರಿ. ಟ್ರಾನ್ಸ್‌ಪ್ಲಾಂಟ್ ಆದ ಮೇಲೆ ನಾವು ಮಾಡುವುದೂ ಇಷ್ಟೇ, ಎಲ್ಲ ಮರಕ್ಕೂ ಮದ್ದು, ಆಮೇಲೆ ಕಣ್ಣಿಟ್ಟು ಕಾಯುವುದು.

ಮದ್ದು ಎಂದರೆ ಲೆನಾಲಿಡೊಮೈಡ್ ಮಾತ್ರೆ. ಶುರುವಾಗಿದೆಯೇ ಎಂದು ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಅದನ್ನು ಈ ವಾರವೇ ಕೇಳಿ. ಟ್ರಾನ್ಸ್‌ಪ್ಲಾಂಟ್ ನಂತರ ಈ ಮಾತ್ರೆ ಕೊಟ್ಟ ಮೂರು ಪ್ರಯೋಗಗಳನ್ನು ಒಟ್ಟು ಸೇರಿಸಿ 2017ರಲ್ಲಿ ಲೆಕ್ಕ ಪ್ರಕಟಿಸಿದರು. ಮಾತ್ರೆ ತೆಗೆದುಕೊಂಡವರಲ್ಲಿ ಅರ್ಧದಷ್ಟು ಜನ ಕಾಯಿಲೆ ಮರಳದೆ 52.8 ತಿಂಗಳು ದಾಟಿದರು. ತೆಗೆದುಕೊಳ್ಳದವರಲ್ಲಿ ಅರ್ಧ ಜನ 23.5 ತಿಂಗಳು ದಾಟಿದರು. ಯಾವ ಸ್ಕೋರೂ ಇಷ್ಟು ದೊಡ್ಡ ವ್ಯತ್ಯಾಸ ಮಾಡುವುದಿಲ್ಲ, ಏಕೆಂದರೆ ಸ್ಕೋರ್ ಬರೀ ಹೇಳುತ್ತದೆ, ಮಾತ್ರೆ ಮಾಡುತ್ತದೆ. ಅಪಾಯದ ಜೀನ್ ಇರುವವರಲ್ಲಿ ಈ ಒಂದೇ ಮಾತ್ರೆಯ ಲಾಭ ಅಷ್ಟು ಗಟ್ಟಿಯಾಗಿ ಕಾಣಲಿಲ್ಲ. ಹಾಗಾಗಿ ಟಿ(4;14) ಇದ್ದಾಗ ನನ್ನಂಥ ಅನೇಕರು ಬೋರ್ಟೆಜೊಮಿಬ್ ಇಂಜೆಕ್ಷನ್ನನ್ನೂ ಹದಿನೈದು ದಿನಕ್ಕೊಮ್ಮೆ ಸೇರಿಸುತ್ತೇವೆ. ಅಪ್ಪಯ್ಯನ ಜೀನ್ ಗೊತ್ತಿರುವುದರ ನಿಜವಾದ ಉಪಯೋಗ ಇದು. 1ಕ್ಯೂ ಇದೆಯೇ ಎಂದು ಕೇಳಿ ಎಂದು ಹೇಳಿದ್ದೂ ಇದಕ್ಕೇ. ಎರಡೂ ಔಷಧಿಗಳ ಭಾರತೀಯ ಜೆನೆರಿಕ್ ಸಿಗುತ್ತವೆ. ಪಾದ ಜೋಮು ಹಿಡಿಯುವುದು, ರಕ್ತಕಣ ಇಳಿಯುವುದು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಇವುಗಳ ಮೇಲೆ ಕಣ್ಣಿರಬೇಕು. ನನ್ನ ಅನುಭವದಲ್ಲಿ ತಪ್ಪಿಸಬಹುದಾದ ದೊಡ್ಡ ತಪ್ಪು ಒಂದೇ. 'ಈಗ ಆರಾಮಿದ್ದಾರಲ್ಲ' ಎಂದು ಮಾತ್ರೆ ನಿಲ್ಲಿಸುವುದು. ಆರಾಮ ಇರುವುದೇ ಮಾತ್ರೆಯಿಂದ ಇರಬಹುದು, ಅಲ್ವಾ?

ಇನ್ನು ಕಣ್ಣಿಟ್ಟು ಕಾಯುವುದು. ಇಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಶಿರಸಿಯಲ್ಲಿ ಕೂತು ನಿಮ್ಮ ಕೈಯಲ್ಲೇ ಆಗುವ ಕೆಲಸ ಇದು.

ವಿಜಿಪಿಆರ್ ಎಂದರೆ ಎಂ ಸ್ಪೈಕ್ ಮೊದಲಿದ್ದುದರ ಹತ್ತನೇ ಒಂದು ಭಾಗಕ್ಕೋ ಅದಕ್ಕಿಂತ ಕೆಳಗೋ ಇಳಿದಿದೆ ಎಂದರ್ಥ. 4.6ರಿಂದ 0.2 ಬಹಳ ಒಳ್ಳೆಯ ಇಳಿಕೆ. ಮಾತ್ರೆಯ ಮೇಲೆ ಇನ್ನೂ ಇಳಿಯುವುದೂ ಉಂಟು, ಹಾಗಾಗಿ ನೂರನೇ ದಿನ ಕೊನೆಯ ತೀರ್ಪು ಏನಲ್ಲ. ಇದಕ್ಕಿಂತ ಸೂಕ್ಷ್ಮ ಪರೀಕ್ಷೆ ಎಂಆರ್‌ಡಿ. ಮಜ್ಜೆಯ ಒಂದು ಲಕ್ಷ ಕಣಗಳಲ್ಲಿ ಒಂದೇ ಒಂದು ಕೆಟ್ಟ ಕಣ ಉಳಿದಿದ್ದರೂ ಹಿಡಿಯುವಷ್ಟು ಸೂಕ್ಷ್ಮ. ಟ್ರಾನ್ಸ್‌ಪ್ಲಾಂಟ್ ನಂತರದ ಊಹೆಗಳಲ್ಲಿ ನಾನು ಹೆಚ್ಚು ನಂಬುವುದು ಇದನ್ನೇ. ಒಮ್ಮೆ ನೆಗೆಟಿವ್ ಬಂದು, ವರ್ಷ ಬಿಟ್ಟು ಮತ್ತೆ ನೆಗೆಟಿವ್ ಬಂದರೆ ಇನ್ನೂ ಒಳ್ಳೆಯದು. ಆದರೆ ಮಜ್ಜೆ ತೆಗೆಯುವಾಗ ಮೊದಲು ಬರುವ ಹನಿಗಳನ್ನೇ ಇದಕ್ಕೆ ಕಳಿಸಬೇಕು. ಬೇರೆ ಪರೀಕ್ಷೆಗಳಿಗೆಲ್ಲ ತೆಗೆದ ಮೇಲೆ ಉಳಿದದ್ದು ಕಳಿಸಿದರೆ ಅದರಲ್ಲಿ ಬರೀ ರಕ್ತ ಇರುತ್ತದೆ, ಸುಳ್ಳು ನೆಗೆಟಿವ್ ಬರುತ್ತದೆ. ಮೈಲೋಮಾ ಮಜ್ಜೆಯಲ್ಲಿ ಅಲ್ಲಲ್ಲಿ ತೇಪೆ ತೇಪೆಯಾಗಿ ಕೂರುವ ಕಾಯಿಲೆ ಬೇರೆ. ಸೂಜಿ ಹಾಕಿದ ಕಡೆ ಇಲ್ಲದ್ದು ಇನ್ನೊಂದು ಮೂಳೆಯಲ್ಲಿರಬಹುದು. ಅದಕ್ಕೇ ಪಿಇಟಿ ಸ್ಕ್ಯಾನ್ ಕೂಡ ಜೊತೆಗೆ ನೋಡುತ್ತೇವೆ.

ನಿಮ್ಮ ಅಪ್ಪಯ್ಯನಿಗೆ ಈಗ ಎಂಆರ್‌ಡಿ ಬೇಕೇ? ನಾನಾದರೆ ಈಗ ಮಾಡಿಸುವುದಿಲ್ಲ. ಎಂ ಸ್ಪೈಕ್ 0.2 ಕಣ್ಣಿಗೆ ಕಾಣುತ್ತಿದೆ. ಎಂಆರ್‌ಡಿ ಪಾಸಿಟಿವ್ ಬಂದರೆ ಆಶ್ಚರ್ಯ ಇಲ್ಲ. ಬಂದರೂ ಅದೇ ಮಾತ್ರೆ, ಅದೇ ಇಂಜೆಕ್ಷನ್. ಉತ್ತರ ಏನೇ ಬಂದರೂ ಮಾಡುವ ಕೆಲಸ ಬದಲಾಗದಿದ್ದರೆ ಆ ಪರೀಕ್ಷೆಗೆ ದುಡ್ಡು, ಸೂಜಿ, ಪ್ರಯಾಣ ಯಾಕೆ? ಸ್ಪೈಕ್ ಪೂರ್ತಿ ಮಾಯವಾದ ಮೇಲೆ ಯೋಚಿಸೋಣ. ನಿಮ್ಮ ಡಾಕ್ಟರು ಬೇರೆ ಕಾರಣಕ್ಕೆ ಬೇಕು ಎಂದರೆ ಅವರ ಮಾತು ಕೇಳಿ. ಅವರು ಅಪ್ಪಯ್ಯನನ್ನು ನೋಡಿದ್ದಾರೆ, ನಾನು ಪತ್ರ ಓದಿದ್ದೇನೆ.

ನಾನು ಬಿಡದೆ ಮಾಡಿಸುವುದು ಅಗ್ಗದ, ಬೇಸರದ ಕೆಲಸ. ಮೊದಲ ಎರಡು ವರ್ಷ ಎರಡು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ: ಎಲೆಕ್ಟ್ರೊಫೊರೆಸಿಸ್, ಫ್ರೀ ಲೈಟ್ ಚೈನ್, ರಕ್ತಕಣಗಳ ಎಣಿಕೆ, ಕ್ರಿಯಾಟಿನಿನ್, ಕ್ಯಾಲ್ಸಿಯಂ, ಎಲ್‌ಡಿಎಚ್. ಇವಕ್ಕೆ ಘಟ್ಟ ಇಳಿದು ಹೋಗಬೇಕಾಗಿಲ್ಲ, ರಕ್ತ ಊರಲ್ಲೇ ಕೊಡಬಹುದು. ಆದರೆ ಪ್ರತಿ ಸಲವೂ ಒಂದೇ ಲ್ಯಾಬಿಗೆ ಹೋಗಲಿ. ಒಂದೊಂದು ಲ್ಯಾಬಿನ ಯಂತ್ರ ಒಂದೊಂದು ಥರ ಅಳೆಯುತ್ತದೆ. 0.2 ಇದ್ದದ್ದು ಇನ್ನೊಂದು ಕಡೆ 0.4 ಎಂದು ಬಂದರೆ 'ಎರಡರಷ್ಟಾಯಿತು' ಎಂದು ಮನೆಯಲ್ಲಿ ಗೋಳಾಟ. ಫ್ರೀ ಲೈಟ್ ಚೈನ್ ಬಿಡಬೇಡಿ. ಕೆಲವರಲ್ಲಿ ಮರಳುವ ಕಾಯಿಲೆ ಪೂರ್ತಿ ಪ್ರೋಟೀನ್ ಮಾಡುವುದನ್ನೇ ಮರೆತು ಬರೀ ತುಂಡನ್ನು ಮಾಡುತ್ತದೆ. ಸ್ಪೈಕ್ ತೆಪ್ಪಗೆ ಕೂತಿರುತ್ತದೆ, ಲೈಟ್ ಚೈನ್ ಮಾತ್ರ ಏರುತ್ತದೆ.

ಅಂಕೋಲಾ ಕಡೆಯ ಒಬ್ಬರ ಕಥೆ ಕೇಳಿ. ಮೇ ತಿಂಗಳ ಬಿಸಿಲಲ್ಲಿ ಬೆಳಿಗ್ಗೆ ತೆಗೆದ ರಕ್ತ ಸಂಜೆವರೆಗೂ ಎಲ್ಲೋ ಕೂತು, ಬಸ್ಸಿನಲ್ಲಿ ಕುಲುಕಿ, ಮರುದಿನ ಲ್ಯಾಬು ಸೇರಿತು. ಎಲ್‌ಡಿಎಚ್ ಎರಡು ಪಟ್ಟು! ಮಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರು. ಕೆಂಪು ಕಣ ಒಡೆದರೆ ಅದರೊಳಗಿನ ಎಲ್‌ಡಿಎಚ್ ಹೊರಗೆ ಬರುತ್ತದೆ, ಪೊಟ್ಯಾಸಿಯಂ ಕೂಡ ಏರುತ್ತದೆ. ಅವರ ಪೊಟ್ಯಾಸಿಯಂ ಸಹ ಮೇಲಿತ್ತು. ಮರುದಿನ ಹೊಸ ರಕ್ತ ತೆಗೆದು ಒಂದು ಗಂಟೆಯೊಳಗೆ ನೋಡಿದಾಗ ಎಲ್ಲ ಸರಿ. ಒಂದು ಕೆಟ್ಟ ಅಂಕೆ ಬಂದರೆ ಮೊದಲ ಕೆಲಸ ಅದನ್ನೇ ಇನ್ನೊಮ್ಮೆ ನೋಡುವುದು.

ಮರಳಿದೆ ಎಂದು ನಾವು ಯಾವಾಗ ಹೇಳುತ್ತೇವೆ ಗೊತ್ತೇ? ಎಂ ಸ್ಪೈಕ್ ಅತಿ ಕಡಿಮೆ ಇದ್ದ ಅಂಕೆಗಿಂತ ಕಾಲು ಭಾಗ ಏರಬೇಕು. ಜೊತೆಗೆ ಆ ಏರಿಕೆ ಕಡಿಮೆ ಎಂದರೆ 0.5 ಗ್ರಾಂ ಇರಬೇಕು, ಎರಡನೇ ಸಲ ನೋಡಿದಾಗಲೂ ಹಾಗೇ ಇರಬೇಕು. ಅಂದರೆ ಅಪ್ಪಯ್ಯನ ಲೆಕ್ಕದಲ್ಲಿ 0.2 ಇದ್ದದ್ದು 0.7 ಮುಟ್ಟಬೇಕು. 0.2 ಹೋಗಿ 0.3 ಆದರೆ ಅದು ಯಂತ್ರದ ಉಸಿರಾಟ. ಹೊಸ ಮೂಳೆ ಗಾಯ, ಏರಿದ ಕ್ಯಾಲ್ಸಿಯಂ, ಮೈಲೋಮಾದಿಂದಲೇ ಕೆಡುವ ಕಿಡ್ನಿ, ಇಳಿಯುವ ಹಿಮೋಗ್ಲೋಬಿನ್ ಕಂಡರೆ ಅಂಕೆಗೆ ಕಾಯುವುದಿಲ್ಲ. ರಕ್ತದಲ್ಲಿ ಮಾತ್ರ ನಿಧಾನಕ್ಕೆ ಏರುತ್ತಿದ್ದರೆ ಕೆಲವೊಮ್ಮೆ ತಿಂಗಳುಗಟ್ಟಲೆ ನೋಡುತ್ತಾ ಕೂರುತ್ತೇವೆ. ಎರಡು ತಿಂಗಳೊಳಗೆ ಎರಡರಷ್ಟಾಗುವ ಓಟ ಕಂಡರೆ ತಡ ಮಾಡುವುದಿಲ್ಲ. ಹಾಗಾಗಿ ಒಂದು ಅಂಕೆಗಿಂತ ಅಂಕೆಗಳ ಸಾಲು ಮುಖ್ಯ. ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಎಡಕ್ಕೆ ತಾರೀಕು, ಬಲಕ್ಕೆ ಸ್ಪೈಕ್, ಕಪ್ಪಾ, ಲ್ಯಾಂಬ್ಡಾ, ಹಿಮೋಗ್ಲೋಬಿನ್, ಕ್ರಿಯಾಟಿನಿನ್. ಸೊಸೈಟಿ ಪಾಸ್‌ಬುಕ್ ಬರೆಯುವಷ್ಟೇ ಶ್ರದ್ಧೆಯಿಂದ ಬರೆಯಿರಿ. ಮೊಬೈಲಿನಲ್ಲಿ ಹುದುಗಿದ ಪಿಡಿಎಫ್ ಓಪಿಡಿಯಲ್ಲಿ ಸಿಗುವುದಿಲ್ಲ, ಸಿಗ್ನಲ್ ಇಲ್ಲದಾಗಲಂತೂ ಕೇಳಲೇಬೇಡಿ.

ಮುಂದೆ ಡಾರಾಟುಮುಮಾಬ್ ಕೊಡುವ ಸಂದರ್ಭ ಬಂದರೆ ಒಂದು ಮಾತು ನೆನಪಿರಲಿ. ಆ ಔಷಧಿಯೇ ಐಜಿಜಿ ಕಪ್ಪಾ ಬಗೆಯ ಪ್ರೋಟೀನ್. ಪಟ್ಟಿಯಲ್ಲಿ ತಾನೂ ಒಂದು ಸಣ್ಣ ಗೆರೆಯಾಗಿ ಕೂರಬಹುದು. ಲ್ಯಾಬಿಗೆ ಮೊದಲೇ ತಿಳಿಸಿ.

ಮುಂಬೈ ವಿಷಯ. ಟಾಟಾ ಮೆಮೋರಿಯಲ್‌ನಲ್ಲಿ ಒಮ್ಮೆ ಎರಡನೇ ಅಭಿಪ್ರಾಯ ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಊಹೆಯ ಪರೀಕ್ಷೆಗಾಗಿಯೇ ಅಷ್ಟು ದೂರ ಹೋಗಬೇಡಿ. ಹೋಗುವುದಾದರೆ ಹಳೆಯ ಫಿಶ್ ವರದಿ, ಮಜ್ಜೆಯ ಸ್ಲೈಡ್, ಆ ನೋಟ್‌ಬುಕ್ ಇಷ್ಟನ್ನು ತೆಗೆದುಕೊಂಡು ಹೋಗಿ. ರೋಗಿಯದೇ ರೋಗನಿರೋಧಕ ಕಣಗಳನ್ನು ತಿದ್ದಿ ಹಾಕುವ 'ಕಾರ್-ಟಿ' ಚಿಕಿತ್ಸೆ ಅಲ್ಲಿ ಇದೆಯಂತೆ ಎಂದು ಯಾರಾದರೂ ಹೇಳುತ್ತಾರೆ. 2023ರಲ್ಲಿ ಒಪ್ಪಿಗೆ ಸಿಕ್ಕಿ ಪೇಪರಿನಲ್ಲೆಲ್ಲ ಬಂದ ನೆಕ್ಸ್‌ಕಾರ್19 ಕೆಲವು ಬಗೆಯ ಲಿಂಫೋಮಾ, ಲ್ಯುಕೇಮಿಯಾಗಳಿಗೆ. ಮೈಲೋಮಾಕ್ಕೆ ಗುರಿಯೇ ಬೇರೆ. ನಮ್ಮ ಜಿಲ್ಲೆಯವರು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ. ಅದಿಲ್ಲದೆ ಪ್ರತಿ ಸಣ್ಣ ಕೆಲಸಕ್ಕೂ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಅಲೆಯುವ ಮನೆಗಳನ್ನು ನೋಡಿ ನೋಡಿ ಹೇಳುತ್ತಿದ್ದೇನೆ. ಅಗತ್ಯ ಇದ್ದಾಗ ಓಡಿ, ಹೆದರಿಕೆಗೆ ಓಡಬೇಡಿ.

ಓಡಲೇಬೇಕಾದ್ದು ಜ್ವರಕ್ಕೆ. 100.4 ಡಿಗ್ರಿ ದಾಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಟ್ರಾನ್ಸ್‌ಪ್ಲಾಂಟ್ ಆದ ಮೊದಲ ವರ್ಷ ಸೋಂಕು ಕೂಡ ದೊಡ್ಡ ಶತ್ರು. ಡಿಸೆಂಬರಿನಿಂದ ಮೇವರೆಗೆ ಶಿರಸಿ, ಸಿದ್ದಾಪುರದ ಸೊಪ್ಪಿನ ಬೆಟ್ಟಕ್ಕೆ ಅಪ್ಪಯ್ಯ ಹೋಗುವುದು ಬೇಡ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಅವರಿಗೆ ತಡೆಯುವ ಜ್ವರ ಅಲ್ಲ. ಸೊಂಟ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದು ಪೂರ್ತಿ ಬಂದ್, ಮೈಲೋಮಾದವರ ಕಿಡ್ನಿಗೆ ಅದು ವಿಷ. ಹೆಸರು ಗೊತ್ತಿಲ್ಲದ ಕಷಾಯವೂ ಅಷ್ಟೇ. ಮೂಳೆ ಗಟ್ಟಿಯಾಗಲು ಜೊಲೆಡ್ರೋನಿಕ್ ಇಂಜೆಕ್ಷನ್ ನಡೆಯುತ್ತಿದ್ದರೆ ಹಲ್ಲು ಕೀಳಿಸುವ ಮೊದಲು ಡಾಕ್ಟರಿಗೆ ಹೇಳಬೇಕು, ದವಡೆ ಮೂಳೆ ಕೆಡುವ ಸಾಧ್ಯತೆ ಇದೆ. ಹಾಗೇ ಕವಳ, ಅಂದರೆ ಎಲೆಅಡಿಕೆ! ಅಡಿಕೆ ಬೆಳೆಯುವವರಿಗೆ ಇದನ್ನು ಹೇಳುವುದು ಕಷ್ಟ, ನಾನೂ ಕುಮಟೆಯವನೇ, ನನ್ನ ಅಜ್ಜನ ಕವಳದ ತಬಕು ಇನ್ನೂ ಮನೆಯಲ್ಲಿದೆ. ಆದರೂ ಅಪ್ಪಯ್ಯ ಕವಳ ಬಿಡಲಿ. ಕಾಯಿಲೆ ಮರಳುವುದಕ್ಕೂ ಅದಕ್ಕೂ ಸಂಬಂಧ ಇಲ್ಲ, ಬಾಯಿಗೂ ದವಡೆಗೂ ಇದೆ.

ಕೊನೆಗೆ ಅಪ್ಪಯ್ಯನ ಪ್ರಶ್ನೆ. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಐದರಿಂದ ಏಳು ವರ್ಷ. ಅವರು ಕೇಳುತ್ತಿರುವುದು ಸಸಿಯ ಬಗ್ಗೆ ಅಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಮೊದಲ ಅಡಿಕೆ ಕೊನೆ ಅವರೇ ಇಳಿಸುತ್ತಾರೆ ಎಂದು ನಾನು ಬರೆದುಕೊಡಲಾರೆ. ಇಳಿಸುವುದಿಲ್ಲ ಎಂದು ಬರೆದುಕೊಡುವ ಸ್ಕೋರೂ ಇಲ್ಲ. ನೆಡಿ ಎನ್ನುತ್ತೇನೆ. ಸಾಲ ಮಾತ್ರ ನಿಮ್ಮ ಹೆಸರಿನಲ್ಲಿ, ನಿಮ್ಮ ಕೈಲಾಗುವಷ್ಟೇ ಇರಲಿ. ಎಲೆಚುಕ್ಕೆ ರೋಗದ ಈ ಕಾಲದಲ್ಲಿ ಆರೋಗ್ಯವಂತರಿಗೂ ನಾನು ಅದನ್ನೇ ಹೇಳುತ್ತಿದ್ದೆ.

ಆದರೆ ಗುಂಡಿ ತೋಡುವುದು, ಗೊಬ್ಬರದ ಬುಟ್ಟಿ ಹೊರುವುದು, ಬಗ್ಗಿ ಎತ್ತುವುದು ಅಪ್ಪಯ್ಯನಿಗೆ ಇಲ್ಲ. ಕುಸಿದ ಮಣಿಯ ಪಕ್ಕದ ಮಣಿಯೂ ಕುಸಿಯಬಹುದು. ಗೊಬ್ಬರಗುಂಡಿ ಕೆದಕುವ ಕಡೆ, ಕೊಳೆತ ಸೊಪ್ಪಿನ ಧೂಳು ಏಳುವ ಕಡೆ ನಿಲ್ಲುವುದೂ ಈ ವರ್ಷ ಬೇಡ. ಜೂನ್ ಹೊತ್ತಿಗೆ ಬಿಳಿ ರಕ್ತಕಣ ಸರಿ ಇದ್ದರೆ ಸಾಲಿನ ತುದಿಯಲ್ಲಿ ಒಂದು ಕುರ್ಚಿ ಹಾಕಿ ಕೂರಿಸಿ. ಒಂಬತ್ತು ಅಡಿಯ ಕೋಲು ಅವರ ಕೈಗೆ ಕೊಡಿ. ಯಾವ ಸಸಿ ಎಲ್ಲಿ ಎಂದು ಅವರು ತೋರಿಸಲಿ, ತೋಡುವುದು ನೀವು.